ಗಡಿಯಾರದ ಹಿಂದಿನ ಹಲ್ಲಿ

"ಈ ಸಲ ಮುಳಬಾಗಿಲಿನ ಹೆಸರನ್ನ ಪೋಲೆಂಡ್‌ವರೆಗೂ ಮುಟ್ಟಿಸದೇ ಇದ್ರೆ ನನ್ನ ಹೆಸರು ಮುಕುಂದನೇ ಅಲ್ಲ!"

ಮುಕುಂದ್ ಈ ಘೋರ ಪ್ರತಿಜ್ಞೆ ಮಾಡಿದ್ದು ಯಾವ ಸಭೆಯಲ್ಲೂ ಅಲ್ಲ. ಸ್ನಾನದ ಮನೆಯಲ್ಲಿ, ಮುಖದ ತುಂಬ ಸೋಪು ಬಳಿದುಕೊಂಡು, ಕಣ್ಣು ಮುಚ್ಚಿಕೊಂಡು. ಕೇಳಿಸಿಕೊಂಡ ಸಾಕ್ಷಿಗಳೆಂದರೆ ಒಂದು ಬಕೆಟ್ಟು, ಒಂದು ಚೊಂಬು, ಮತ್ತು ಬಾಗಿಲಾಚೆ ಟವೆಲ್ ಹಿಡಿದು ನಿಂತಿದ್ದ ಹೆಂಡತಿ ಸಂಹಿತಾ.

"ಮೊದಲು ಈ ಟವೆಲ್ಲಿಗೆ ಕೈ ಮುಟ್ಟಿಸಿ. ಪೋಲೆಂಡಿಗೆ ಆಮೇಲೆ ಹೋಗೋರಂತೆ," ಎಂದಳು ಅವಳು.

ವಿಷಯ ಏನೆಂದರೆ, ನಲವತ್ತು ದಾಟಿದ ಮುಕುಂದ್ ಹಗಲೆಲ್ಲ ಒಬ್ಬ ಆಡಿಟರ್ ಆಫೀಸಿನಲ್ಲಿ ಗಂಭೀರವದನನಾದ ಅಕೌಂಟೆಂಟ್. ಸಂಜೆಯಾದರೆ ಕೊಕ್ಕರೆ! 'ಹೆರಾನ್ ಹಾಪ್' ಎನ್ನುವ ಕಂಪ್ಯೂಟರ್ ಆಟ. ಯಾವುದೋ ದೂರದ ದೇಶದಲ್ಲಿ ಗಂಡ ಹೆಂಡತಿ ಇಬ್ಬರೇ ಮನೆಯಲ್ಲಿ ಕೂತು ಮಾಡಿದ್ದು. ಒಂದು ಕೊಕ್ಕರೆ ಕೆರೆಯಲ್ಲಿ ಕಲ್ಲಿಂದ ಕಲ್ಲಿಗೆ ಹಾರುತ್ತದೆ. ಹಾಡಿನ ತಾಳಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಕಲ್ಲು, ಕೂದಲೆಳೆಯಷ್ಟು ತಪ್ಪಿದರೆ ನೀರು. ಬುಳಕ್! ಇಷ್ಟೇ ಆಟ. ಆದರೆ ಈ ಆಟಕ್ಕೆ ಲೋಕದ ತುಂಬ ಅಭಿಮಾನಿಗಳಿದ್ದಾರೆ. ಅವರು ಬರೀ ಆಡುವುದಿಲ್ಲ. ಬದನೆಕಾಯಿ ಸೀಳಿ ಮಸಾಲೆ ತುಂಬುವ ಹಾಗೆ, ಆಟವನ್ನೇ ಬಿಚ್ಚಿ ಅದರೊಳಗೆ ತಮ್ಮ ಹಾಡು, ತಮ್ಮ ಸದ್ದು, ತಮ್ಮ ಚಿತ್ರ ತುಂಬಿ ಎಲ್ಲರಿಗೂ ಹಂಚುತ್ತಾರೆ. ಅದಕ್ಕೆ ಅವರು 'ಮಾಡ್' ಅನ್ನುತ್ತಾರೆ. ಸಂಹಿತಾ 'ಮಾಡಬಾರದ್ದು' ಅನ್ನುತ್ತಾಳೆ.

ತಾಯಿ ತುಳಸಮ್ಮನವರಿಗೆ ಮಾತ್ರ ಈ ಕೊಕ್ಕರೆಯ ಸಂಗತಿಯೇ ಗೊತ್ತಿಲ್ಲ. ಮಗ ಲ್ಯಾಪ್‌ಟಾಪಿಗೆ ಮೂತಿಯಿಟ್ಟು ಬೆರಳು ಕುಟ್ಟುವುದನ್ನು ನೋಡಿದಾಗಲೆಲ್ಲ ಅವರು ಪಕ್ಕದ ಮನೆಯವರಿಗೆ, "ಜಿಎಸ್‌ಟಿ ಬಂದಾಗಿಂದ ನಮ್ಮ ಹುಡುಗನಿಗೆ ಉಸಿರಾಡೋಕೂ ಪುರಸೊತ್ತಿಲ್ಲ ಕಣ್ರೀ," ಎಂದು ನಿಟ್ಟುಸಿರು ಬಿಡುತ್ತಿದ್ದರು. ಹುಡುಗ ತಿದ್ದಲು ಹೋಗಿರಲಿಲ್ಲ.

ಈ ವರ್ಷ ಪೋಲೆಂಡಿನಲ್ಲಿರುವ ಅಭಿಮಾನಿಗಳ ಸಂಘ ಒಂದು ಸ್ಪರ್ಧೆ ಇಟ್ಟಿತು. ವಾದ್ಯ ಬಳಸುವ ಹಾಗಿಲ್ಲ. ನಿಮ್ಮ ಮನೆಯ ಸದ್ದಿನಿಂದಲೇ ತಾಳ ಕಟ್ಟಬೇಕು. ಮುಕುಂದನ ಪ್ರತಿಜ್ಞೆ ಹುಟ್ಟಿದ್ದೇ ಇದಕ್ಕೆ. ಮೊದಲು ಕುಕ್ಕರಿನ ಸೀಟಿ ಹಿಡಿದ. ಅದು ತನಗೆ ಮನಸ್ಸು ಬಂದಾಗ ಕೂಗುವ ಪ್ರಾಣಿ. ಆಮೇಲೆ ರುಬ್ಬುವ ಗ್ರೈಂಡರು. ಅದಕ್ಕೆ ಒಂದೇ ರಾಗ. ಕೊನೆಗೆ ನಡುಮನೆಯ ಗೋಡೆಯಲ್ಲಿ, ಹಳೆಯ ಗಡಿಯಾರದ ಹಿಂದೆ ತಲೆತಲಾಂತರದಿಂದ ವಾಸವಾಗಿರುವ ಹಲ್ಲಿ ಸಂಸಾರದ ಕಡೆ ಅವನ ಕಣ್ಣು ಹೋಯಿತು. ಲೊಚ್ ಲೊಚ್ ಲೊಚ್! ಆಹಾ, ಎಂಥ ನಾದ!

ಅಂದಿನಿಂದ ಸ್ಟೂಲ್ ಹತ್ತಿ, ಗೋಡೆಗೆ ಫೋನ್ ಹಿಡಿದು, ಉಸಿರು ಬಿಗಿಹಿಡಿದು ನಿಂತ.

"ಏನ್ರೀ ಇದು? ಹಲ್ಲಿ ಸಂದರ್ಶನಾನಾ?" ಎಂದಳು ಸಂಹಿತಾ.

"ಶ್‌! ಕಲಾವಿದರು ಮೂಡಿಗೆ ಬರ್ತಾ ಇದ್ದಾರೆ!"

"ಬರಲಿ ಬರಲಿ. ಹೊಟ್ಟೆಗೆ ಕಾಫಿ ಕೊಡ್ಲಾ, ಸೊಳ್ಳೆ ಕೊಡ್ಲಾ, ಕೇಳಿ ಹೇಳಿ."

ಕಲಾವಿದರು ಕೊನೆಗೂ ನುಡಿದರು. ಮುಕುಂದ್ ಆ ನುಡಿಯನ್ನು ಕತ್ತರಿಸಿ, ಜೋಡಿಸಿ, ತಾಳಕ್ಕೆ ಕೂರಿಸಿದ. ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕಡೆ ಮಾತಿನ ನಡುವೆ ಹಲ್ಲಿ ನುಡಿದರೆ ಆಡಿದ ಮಾತು ಸತ್ಯ ಎಂದು ಲೆಕ್ಕ. ಹಿರಿಯರು ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಾರೆ. ಆಟದಲ್ಲೂ ಅದನ್ನೇ ತಂದ. ಹಲ್ಲಿ ನುಡಿದೊಡನೆ ಆಡುವವರು ತಾಳ ತಪ್ಪದೆ ಮೂರು ಸಲ ತಟ್ಟಬೇಕು, ಇಲ್ಲವಾದರೆ ಕೊಕ್ಕರೆ ಬುಳಕ್! ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದನ್ನು ಲೋಕಕ್ಕೆ ಬಿಟ್ಟ. ಖುಷಿಗೆ ಫೋನಿಗೂ ಅದೇ ಸದ್ದು ಹಾಕಿಕೊಂಡ. ಅಭಿಮಾನಿಗಳು ಯಾರಾದರೂ ನಾಲ್ಕು ಮಾತು ಬರೆದರೆ ಫೋನು ಲೊಚ್ ಲೊಚ್ ಲೊಚ್ ಅನ್ನಬೇಕು. ವಿನಾಶಕಾಲೇ ವಿಪರೀತ ಬುದ್ಧಿ ಅನ್ನುವುದು ಇದಕ್ಕೇ.

ಅದೇ ಗುರುವಾರ ಸಂಹಿತಾಳಿಗೂ ಒಂದು ಫೋನ್ ಬಂದಿತ್ತು. ಶ್ರೀನಿವಾಸಪುರದಲ್ಲಿ ಮಾವಿನ ಹಣ್ಣಿನ ರಸ ತೆಗೆದು ಡಬ್ಬಿಗೆ ತುಂಬುವ ಒಂದು ಕಾರ್ಖಾನೆ. ಅದರ ಲ್ಯಾಬಿನಲ್ಲಿ ರಸದ ಸಿಹಿ ಎಷ್ಟು, ಹುಳಿ ಎಷ್ಟು, ಕೆಟ್ಟಿದೆಯೇ ಎಂದು ಪರೀಕ್ಷೆ ಮಾಡುವ ಕೆಲಸ. ಮದುವೆಗೆ ಮುಂಚೆ ಬಿಎಸ್ಸಿಯಲ್ಲಿ ಓದಿದ್ದೆಲ್ಲ ಸಾರಿಗೆ ಒಗ್ಗರಣೆ ಹಾಕುವುದರಲ್ಲೇ ಕರಗಿಹೋಯಿತು ಎಂದುಕೊಂಡಿದ್ದವಳಿಗೆ, ಸೋಮವಾರ ಬಂದು ಸೇರಿಕೊಳ್ಳಿ ಅಂದಿದ್ದರು. ಅವಳ ಮುಖ ಅಷ್ಟು ಅರಳಿದ್ದನ್ನು ಮುಕುಂದ್ ನೋಡಿ ಎಷ್ಟೋ ವರ್ಷವಾಗಿತ್ತು. ಆದರೆ ಬೆಳಿಗ್ಗೆ ಏಳೂವರೆ ಬಸ್ಸು ಹಿಡಿಯಬೇಕು. ಅಂದರೆ ತುಳಸಮ್ಮನವರ ಒಪ್ಪಿಗೆ ಬೇಕು.

ಸಂಜೆ ಕಾಫಿಗೆ ಎಲ್ಲರೂ ನಡುಮನೆಯಲ್ಲಿ ಕೂತರು. ಹಿರಿಯರು ಮಾತಿಗೆ ಕೂತಾಗ ಯಾರ ಕೈಯಲ್ಲೂ ಫೋನ್ ಇರಕೂಡದು ಎನ್ನುವುದು ಆ ಮನೆಯ ಕಾನೂನು. ಮುಕುಂದ್ ಮೆಲ್ಲಗೆ ಫೋನನ್ನು ಗಡಿಯಾರದ ಹಿಂದೆ ಸಿಕ್ಕಿಸಿ, ಸಾಧುವಿನಂತೆ ಬಂದು ಕೂತ.

ತುಳಸಮ್ಮ ಎಲ್ಲವನ್ನೂ ಕೇಳಿಸಿಕೊಂಡರು. "ಅಲ್ವೇ ಸಂಹಿತಾ, ಮಾವಿನ ರಸದ ರುಚಿ ನೋಡೋಕೂ ಸಂಬಳ ಕೊಡ್ತಾರಾ?"

"ರುಚಿ ನೋಡೋದಲ್ಲ ಅತ್ತೆ. ಮಿಷನ್ ಇರುತ್ತೆ. ಪರೀಕ್ಷೆ ಮಾಡೋದು."

"ಅದೇನೋಮ್ಮ. ನೀನು ಹೋಗು ಅನ್ನೋಕೆ ನನಗೇನು ಹೊಟ್ಟೆಕಿಚ್ಚಾ? ನನ್ನ ಮಂಡಿ ನಿಲ್ಲೋಕೆ ಬಿಡಲ್ಲ. ಬೆಳಗಿನ ಹೊತ್ತು ಒಲೆ ಮುಂದೆ ನಿಲ್ಲೋರು ಯಾರು? ನೀನೇನಂತೀಯೋ ಮುಕುಂದ?"

ಸಂಹಿತಾ ಗಂಡನ ಮುಖ ನೋಡಿದಳು. ಗಂಡ ಗಡಿಯಾರ ನೋಡುತ್ತಿದ್ದ. ಅವನ ತಲೆಯ ತುಂಬ ಕೊಕ್ಕರೆ! ಇಷ್ಟು ಹೊತ್ತಿಗೆ ಪೋಲೆಂಡಿನವರು ಎದ್ದು ಊಟಕ್ಕೆ ಕೂತಿರುತ್ತಾರೆ, ಯಾರಾದರೂ ಆಡಿರಬೇಕಲ್ಲ, ಯಾಕೆ ಇನ್ನೂ ಒಂದೂ ಸುದ್ದಿಯಿಲ್ಲ...

ತುಳಸಮ್ಮ ಕಾದರು. ಆಮೇಲೆ ಲೋಟ ಕೆಳಗಿಟ್ಟರು. "ಹೋಗ್ಲಿ ಬಿಡು. ಈ ಕೆಲಸಗಿಲಸ ನಮ್ಮ ಮನೆಗೆ ಆಗಿಬರಲ್ಲ."

ಲೊಚ್ ಲೊಚ್ ಲೊಚ್!

"ಕೃಷ್ಣ ಕೃಷ್ಣ!" ತುಳಸಮ್ಮನವರ ಬೆರಳು ನೆಲ ತಟ್ಟಿತು. "ನೋಡಿದ್ಯಾ? ಬಾಯಿಂದ ಬಿದ್ದಿಲ್ಲ, ಆಗ್ಲೇ ನುಡೀತು. ಸತ್ಯ. ಇನ್ನು ಈ ಮಾತು ಬೇಡ."

ಮುಕುಂದನ ಎದೆ ಹಿಗ್ಗಿತು! ಬಂತು! ಪೋಲೆಂಡಿನಿಂದ ಬಂತು! ಹಲ್ಲು ಕಾಣುವಷ್ಟು ನಕ್ಕೂಬಿಟ್ಟ. ಸಂಹಿತಾ ಆ ನಗುವನ್ನು ನೋಡಿದಳು. ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು.

ಅಡುಗೆಮನೆಯಲ್ಲಿ ಲೋಟಗಳು ತಾಳ ತಪ್ಪಿ ಬಡಿದುಕೊಳ್ಳತೊಡಗಿದಾಗ ಮುಕುಂದನಿಗೆ ಏನಾಯಿತೆಂಬುದು ತಲೆಗೆ ಹತ್ತಿತು. ಪೋಲೆಂಡಿನ ಒಬ್ಬ ಹುಡುಗಿ 'ನಿಮ್ಮ ಹಲ್ಲಿ ಬಹಳ ಮುದ್ದಾಗಿದೆ' ಎಂದು ಬರೆದಿದ್ದಕ್ಕೆ, ಇಲ್ಲಿ ತನ್ನ ಹೆಂಡತಿಯ ಕೆಲಸ ಹೋಗಿತ್ತು. ಅವನ ಕಿವಿ ಬಿಸಿಯಾಯಿತು. ಮುಖ ಎತ್ತಿಕೊಂಡು ಅಡುಗೆಮನೆಗೆ ಹೋಗಲು ನಾಚಿಕೆಯಾಗಿ ಹಿತ್ತಲಿಗೆ ಹೋಗಿ ತುಳಸಿ ಗಿಡಕ್ಕೆ ನೀರು ಹಾಕಿದ. ಅದಕ್ಕೆ ಆಗಲೇ ಎರಡು ಸಲ ನೀರು ಬಿದ್ದಿತ್ತು.

ಆ ಕ್ಷಣವೇ ನಿಜ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವುದು ಸುಲಭ! 'ಅಮ್ಮ, ನೀನು ಕೃಷ್ಣ ಕೃಷ್ಣ ಅಂದದ್ದು ನನ್ನ ಫೋನಿಗೆ' ಎನ್ನಬೇಕು. ಫೋನು ಗಡಿಯಾರದ ಹಿಂದೆ ಯಾಕಿತ್ತು ಎಂದು ಹೇಳಬೇಕು. ಹಲ್ಲಿ ಯಾಕೆ ಎಂದು ಹೇಳಬೇಕು. ಕೊಕ್ಕರೆ ಹೊರಗೆ ಬರುತ್ತದೆ. ಕೊಕ್ಕರೆಯ ಹಿಂದೆ ಇಷ್ಟು ವರ್ಷದ ಜಿಎಸ್‌ಟಿ ಹೊರಗೆ ಬರುತ್ತದೆ! ಇಲ್ಲ, ಇದನ್ನು ಗಂಡಸಿನ ಹಾಗೆ ಎದುರಿಸಬೇಕು ಎಂದುಕೊಂಡ ಮುಕುಂದ್. ಎಂದರೆ, ಇನ್ನೊಂದು ಸುಳ್ಳು ಹೇಳಬೇಕು.

"ಅಮ್ಮ," ಎಂದ ಮರುದಿನ, "ಒಂದೇ ಸಲ ನುಡಿದದ್ದನ್ನ ನಂಬಿಬಿಡೋದಾ? ದಿಕ್ಕು ನೋಡ್ಬೇಕು, ವಾರ ನೋಡ್ಬೇಕು. ಭಾನುವಾರ ಚಿಕ್ಕಪ್ಪನ್ನ ಕರೆಸಿ ಕೇಳೋಣ."

ತುಳಸಮ್ಮನವರಿಗೆ ಸಂತೋಷವಾಯಿತು. ಮಗನಿಗೆ ಶಾಸ್ತ್ರದಲ್ಲಿ ಇಷ್ಟು ಶ್ರದ್ಧೆ ಎಂದೂ ಕಂಡಿರಲಿಲ್ಲ. ಸಂಹಿತಾಳಿಗೆ ಸಂತೋಷವಾಗಲಿಲ್ಲ. "ನನ್ನ ಕೆಲಸ ಹಲ್ಲಿ ತೀರ್ಮಾನ ಮಾಡ್ಬೇಕಾ?" ಎಂದಳು ಅಷ್ಟೆ.

"ನೀನು ನೋಡ್ತಾ ಇರು. ಭಾನುವಾರ ಹಲ್ಲಿ ನಿನ್ನ ಪರ ನುಡಿಯುತ್ತೆ. ನನ್ನ ಮಾತು ನಂಬು."

"ನಿಮ್ಮ ಮಾತಾ?" ಎಂದು ಅವಳು ಗಂಡನನ್ನು ಒಂದು ಥರಾ ನೋಡಿದಳು.

ಅವನ ಉಪಾಯ ದೊಡ್ಡದೇನಲ್ಲ. ತನ್ನ ಫೋನು ಗಡಿಯಾರದ ಹಿಂದೆ. ಆಫೀಸಿನ ಫೋನು ಪಂಚೆಯ ಮಡಿಕೆಯಲ್ಲಿ. ಓದಿದ ಹೆಣ್ಣುಮಕ್ಕಳೆಂದರೆ ಮೆಚ್ಚುವ ಚಿಕ್ಕಪ್ಪ 'ಹುಡುಗಿ ಹೋಗಿಬರಲಿ' ಅನ್ನುತ್ತಿದ್ದಂತೆ ಅದರಿಂದ ಇದಕ್ಕೊಂದು ಸಂದೇಶ. ಲೊಚ್ ಲೊಚ್ ಲೊಚ್, ಮಂಗಳಂ! ಸಮಯ ತಪ್ಪುವ ಮಾತೇ ಇಲ್ಲ. ಕೂದಲೆಳೆಯ ತಾಳದಲ್ಲಿ ಕೊಕ್ಕರೆ ಹಾರಿಸಿದ ಬೆರಳು ಇದು!

ಭಾನುವಾರ ಬೆಳಿಗ್ಗೆ ನಾಗರಾಜ ಚಿಕ್ಕಪ್ಪ ಬಂದರು. ಪೌರೋಹಿತ್ಯ ಮಾಡುವವರು, ಬೋಳುತಲೆ, ದೊಡ್ಡ ದನಿ. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು, ಗಡಿಯಾರದ ಕೆಳಗೇ ಮಣೆ ಹಾಕಿಕೊಂಡು ಕೂತರು. ತುಳಸಮ್ಮ ಎದುರಿಗೆ, ಸಂಹಿತಾ ಬಾಗಿಲ ಬಳಿ, ಮುಕುಂದ್ ಮೂಲೆಯಲ್ಲಿ ಪಂಚೆಯೊಳಗೆ ಕೈ ಬಿಟ್ಟುಕೊಂಡು.

"ಅತ್ತಿಗೆ, ನಾನು ಹೇಳ್ತೀನಿ ಕೇಳಿ," ಎಂದು ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. "ಹುಡುಗಿ ಓದಿದ್ದಾಳೆ. ಹೋಗಿಬರಲಿ. ಈ ಮನೆಗೆ ಒಳ್ಳೇದಾಗುತ್ತೆ."

ಒತ್ತಿದ! ಏನೂ ಇಲ್ಲ. ಮತ್ತೆ ಒತ್ತಿದ. ಏನೂ ಇಲ್ಲ! ಆಫೀಸಿನಲ್ಲಿ ಪರೀಕ್ಷೆ ಮಾಡಿದಾಗ ಮಿಂಚಿನಂತೆ ಹೋಗಿದ್ದ ಸಂದೇಶ, ಮನೆಯ ನೆಟ್‌ವರ್ಕಿನಲ್ಲಿ ಎತ್ತಿನ ಗಾಡಿ ಹತ್ತಿ ಹೊರಟಿತ್ತು.

"ಎಲ್ಲಿ ನಾಗರಾಜ, ನುಡೀಲೇ ಇಲ್ವಲ್ಲ?" ಎಂದರು ತುಳಸಮ್ಮ.

"ನುಡಿ ಅಂದ ತಕ್ಷಣ ನುಡಿಯೋಕೆ ಅದೇನು ನನ್ನ ಶಿಷ್ಯನಾ ಅತ್ತಿಗೆ?"

"ನನಗನ್ನಿಸೋದು, ದಿನವಿಡೀ ಆ ಹಣ್ಣಿನ ಎಂಜಲಲ್ಲಿ ಓಡಾಡಿ ಬಂದು ದೇವರ ಮನೆ ಮುಟ್ಟೋದು ಸರಿಹೋಗಲ್ಲ..."

ಲೊಚ್ ಲೊಚ್ ಲೊಚ್!

"ಕೃಷ್ಣ ಕೃಷ್ಣ!" ಇಬ್ಬರೂ ನೆಲ ತಟ್ಟಿದರು. ಮುಕುಂದನ ಬೆನ್ನಲ್ಲಿ ಬೆವರು ಇಳಿಯಿತು. ಎರಡನೆಯದು ಇನ್ನೂ ದಾರಿಯಲ್ಲಿದೆ!

"ಅದಿರಲಿ," ಎಂದರು ಚಿಕ್ಕಪ್ಪ ಮಾತು ತಿರುಗಿಸಲು. "ನಮ್ಮ ಮುಕುಂದನ್ನ ನೋಡಿ. ಪಾಪ, ಹಬ್ಬ ಹರಿದಿನ ಅನ್ನದೆ ಜಿಎಸ್‌ಟಿ ಕೆಲಸ ಮಾಡ್ತಾನೆ."

ಲೊಚ್ ಲೊಚ್ ಲೊಚ್!

"ಸತ್ಯ! ಸತ್ಯ!" ಎಂದರು ತುಳಸಮ್ಮ ಕಣ್ಣೊರೆಸಿಕೊಂಡು. ಬಾಗಿಲ ಬಳಿ ಸಂಹಿತಾಳ ಹುಬ್ಬು ಮೇಲೇರಿತು. ಅವಳು ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಗಂಡನ ಪಂಚೆ ನೋಡಿದಳು.

ಗಾಬರಿಯಲ್ಲಿ ಮುಕುಂದ್ ಮತ್ತೊಮ್ಮೆ ಒತ್ತಿದ. ಚಿಕ್ಕಪ್ಪ ಎಲೆ ಅಡಿಕೆ ತಟ್ಟೆ ಎಳೆದುಕೊಳ್ಳುತ್ತ, "ಏನು ಶಕುನವೋ ಏನೋ ಅತ್ತಿಗೆ. ನನಗೂ ವಯಸ್ಸಾಯ್ತು. ಇನ್ನೆಷ್ಟು ದಿನ, ಮುಂದಿನ ಯುಗಾದಿ ನೋಡ್ತೀನೋ ಇಲ್ವೋ," ಎಂದರು.

ಲೊಚ್ ಲೊಚ್ ಲೊಚ್!

ಚಿಕ್ಕಪ್ಪನ ಕೈಯಿಂದ ಅಡಿಕೆ ಉರುಳಿತು. "ಏ... ಏ... ನಾನು ಸುಮ್ನೆ ಬಾಯಿಮಾತಿಗೆ ಅಂದದ್ದು!" ಎಂದು ಗೋಡೆಗೇ ಸಮಜಾಯಿಷಿ ಕೊಟ್ಟರು. "ಮಾತಿಗೆ ಅಂದೆ ಸ್ವಾಮಿ! ಅರಿಕೆ ಅಲ್ಲ!"

ಇಷ್ಟಕ್ಕೇ ನಿಂತಿದ್ದರೆ ಹೇಗೋ ಬಚಾವಾಗುತ್ತಿತ್ತು. ಆದರೆ ಸ್ಪರ್ಧೆಯ ಫಲಿತಾಂಶ ಬರುವುದು ಅದೇ ಭಾನುವಾರ ಎನ್ನುವುದನ್ನು, ಈ ಗಡಿಬಿಡಿಯಲ್ಲಿ, ಮುಳಬಾಗಿಲಿನ ಹೆಸರನ್ನು ಪೋಲೆಂಡಿಗೆ ಮುಟ್ಟಿಸಲು ಹೊರಟ ಮಹಾಪುರುಷ ಮರೆತೇಬಿಟ್ಟಿದ್ದ. ಫಲಿತಾಂಶ ಬಂತು. ಲೋಕದ ಮೂಲೆಮೂಲೆಯ ಕೊಕ್ಕರೆ ಭಕ್ತರೆಲ್ಲ ಒಟ್ಟಿಗೇ ಶುಭಾಶಯ ಬರೆಯತೊಡಗಿದರು.

ಲೊಚ್ ಲೊಚ್ ಲೊಚ್! ಲೊಚ್ ಲೊಚ್ ಲೊಚ್! ಲೊಚ್ ಲೊಚ್ ಲೊಚ್!

"ಕೃಷ್ಣ ಕೃಷ್ಣ! ಕೃಷ್ಣ ಕೃಷ್ಣ!" ತುಳಸಮ್ಮ ತಟ್ಟಿದರು. ಚಿಕ್ಕಪ್ಪ ತಟ್ಟಿದರು. ಹಲ್ಲಿ ನಿಲ್ಲಿಸಲಿಲ್ಲ. ಒಂದು ಕೈ ಸೋತು ಇನ್ನೊಂದು ಕೈಯಲ್ಲಿ ತಟ್ಟಿದರು. "ಏಮಿ ವಿಚಿತ್ರಮಪ್ಪಾ ಇದಿ!" ಎಂದು ಚಿಕ್ಕಪ್ಪನಿಗೆ ಗಾಬರಿಯಲ್ಲಿ ತೆಲುಗೇ ಬಂದುಬಿಟ್ಟಿತು. "ಅತ್ತಿಗೆ, ಇದು ಒಂದು ಹಲ್ಲಿಯಲ್ಲ! ಜಾತ್ರೆ ಬಂದಿದೆ!" ಇಬ್ಬರೂ ಹಿರಿಯರು ತಾಳಕ್ಕೆ ಸರಿಯಾಗಿ, ಒಂದು ಬಡಿತವೂ ತಪ್ಪದೆ, ಕೊಕ್ಕರೆಯನ್ನು ಕೆರೆ ದಾಟಿಸುವ ಹಾಗೆ ತಟ್ಟುತ್ತಿದ್ದರು. ಬೇರೆ ದಿನವಾಗಿದ್ದರೆ ಮುಕುಂದ್ ಅದನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ, ಹರ್ಷದಿಂದ ನಡುನಡುಗಿ, ಗಡಿಯಾರದ ಹಿಂದಿನಿಂದ ಜರುಗಿ ಜರುಗಿ ಬಂದ ಫೋನು ಚಿಕ್ಕಪ್ಪನ ಬೋಳುತಲೆಯ ಮೇಲೆ ಧೊಪ್ಪನೆ ಬಿತ್ತು.

ಹಲ್ಲಿ ನುಡಿದರೆ ನೆಲ ತಟ್ಟಬಹುದು. ತಲೆಯ ಮೇಲೆ ಬಿದ್ದರೆ? "ಬಿತ್ತು! ತಲೆ ಮೇಲೇ ಬಿತ್ತು! ನೀರು! ನೀರು!" ಎಂದು ಕೂಗುತ್ತ ಚಿಕ್ಕಪ್ಪ ಉಟ್ಟ ಪಂಚೆಯಲ್ಲೇ ಸ್ನಾನದ ಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಚೊಂಬಿನ ಸದ್ದು, ಮಂತ್ರದ ಸದ್ದು ಒಟ್ಟೊಟ್ಟಿಗೆ ಬಂತು. ನಡುಮನೆಯ ನೆಲದ ಮೇಲೆ ಫೋನು ಅಂಗಾತ ಬಿದ್ದು, ಕೊಕ್ಕರೆಯ ಚಿತ್ರ ಬೆಳಗಿಸಿಕೊಂಡು, ಇನ್ನೂ ಲೊಚ್ ಲೊಚ್ ಅನ್ನುತ್ತಿತ್ತು.

ತುಳಸಮ್ಮ ತಟ್ಟಲು ಎತ್ತಿದ್ದ ಬೆರಳನ್ನು ಹಾಗೇ ಹಿಡಿದುಕೊಂಡಿದ್ದರು.

"ಏನೋ ಇದು?"

ಮುಕುಂದ್ ಹೇಳಿದ. ಹಲ್ಲಿ, ಕೊಕ್ಕರೆ, ಪೋಲೆಂಡು, ಪಂಚೆಯೊಳಗಿನ ಫೋನು, ಜಿಎಸ್‌ಟಿ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ತನ್ನ ಕಾಲಿನ ಹೆಬ್ಬೆರಳನ್ನೇ ನೋಡಿದ. ಅಮ್ಮ ಬೈಯುತ್ತಾರೆ ಎಂದು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗುರುವಾರಾನೂ ಇದೇನಾ?"

"ಹೂಂ ಅಮ್ಮ."

ತುಳಸಮ್ಮ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು. "ಅವತ್ತು ನಾನು ಕೇಳಿದ್ದು ನಿನ್ನನ್ನ ಕಣೋ. ಹಲ್ಲೀನ ಅಲ್ಲ. ಬೆಳಿಗ್ಗೆ ಹೊತ್ತು ನಾನು ನೋಡ್ಕೊಳ್ತೀನಿ ಅಮ್ಮ ಅಂತ ಒಂದು ಮಾತು ಬರುತ್ತೇನೋ ಅಂತ ಬಾಯಿ ನೋಡ್ದೆ. ಬರಲಿಲ್ಲ. ಇನ್ನೇನು ಮಾಡ್ಲಿ? ಬೇಡ ಅಂದೆ. ಹಲ್ಲಿ ಹೂಂ ಅಂತು. ಸದ್ಯ, ಈ ಪಾಪ ನನ್ನದಲ್ಲ ಅಂದ್ಕೊಂಡು ನಿದ್ದೆ ಮಾಡ್ದೆ."

ಮುಕುಂದನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತ ತಿರುಗಿದರೆ ಅಮ್ಮ, ಇತ್ತ ತಿರುಗಿದರೆ ಸಂಹಿತಾ. ನಾಚಿಕೆಯಿಂದ ಅವನ ದನಿ ಇಲಿಮರಿಯ ಹಾಗಾಗಿತ್ತು. "ನಾಳೆಯಿಂದ... ಬೆಳಗಿನ ತಿಂಡಿ ನಾನೇ ಮಾಡ್ತೀನಿ. ಸಂಹಿತಾ ಹೋಗ್ಲಿ."

"ಯಾರದು ಮಾತಾಡಿದ್ದು?" ಎಂದು ಸ್ನಾನದ ಮನೆಯಿಂದ ಚಿಕ್ಕಪ್ಪ ಕೂಗಿದರು.

"ಮುಕುಂದ," ಎಂದರು ತುಳಸಮ್ಮ. "ನೀನು ಸ್ನಾನ ಮುಗಿಸು ನಾಗರಾಜ, ಟ್ಯಾಂಕಿನ ನೀರು ಖಾಲಿಯಾಗುತ್ತೆ."

ಸೋಮವಾರ ಬೆಳಿಗ್ಗೆ ಮುಕುಂದ್ ದೋಸೆ ಹಾಕಿದ. ಮೊದಲನೆಯದು ಕಾವಲಿ ಬಿಟ್ಟು ಬರಲಿಲ್ಲ, ಎರಡನೆಯದು ಬಂದರೂ ದೋಸೆ ಎನ್ನುವ ಹಾಗಿರಲಿಲ್ಲ. ತುಳಸಮ್ಮ ಕುರ್ಚಿ ಹಾಕಿಕೊಂಡು ಕೂತು, "ಉರಿ ಸಣ್ಣ ಮಾಡೋ, ಅದೇನು ಹೋಮಾನಾ?" ಎಂದು ಹೇಳಿಕೊಟ್ಟರು. ಸಂಹಿತಾ ಆ ದೋಸೆಯನ್ನೇ ಡಬ್ಬಿಗೆ ತುಂಬಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಒಟ್ಟಿನಲ್ಲಿ ಅದು ಇನ್ನೂ ತೀರ್ಪು ಬಾರದ ಮುಖ.

ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹೊತ್ತುಕೊಂಡು ಹೋದ. ಶ್ರೀನಿವಾಸಪುರದ ಬಸ್ಸು ನಿಂತಿತ್ತು. ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಏನಾದರೂ ಮಾತಾಡಬೇಕು. ನಿನ್ನೆಯಿಂದ ತಾನು ಒಬ್ಬ ಮಾತಾಡುವ ಮನುಷ್ಯ ತಾನೆ? ಆದರೆ 'ತಪ್ಪಾಯ್ತು' ಎನ್ನಲು ಹೊರಟರೆ ಬಾಯಿಗೆ ಬಂದದ್ದು ಬೇರೆಯೇ.

"ಸಂಹಿತಾ, ಹೇಳೋದೇ ಮರೆತಿದ್ದೆ. ಸ್ಪರ್ಧೇಲಿ ಎರಡನೇ ಬಹುಮಾನ ಬಂತು ಕಣೇ! ಆಟ ಮಾಡಿದ ಗಂಡ ಹೆಂಡತಿ ಅವರೇ ಬರೆದಿದ್ದಾರೆ. ನೋಡು."

ಕಿಟಕಿಯೊಳಗೆ ಫೋನು ನೀಡಿದ. ಅವಳು ಓದಿದಳು. 'ನಿಮ್ಮ ತಾಳಜ್ಞಾನಕ್ಕೆ ನಮಸ್ಕಾರ. ಎಲ್ಲಿ ತಟ್ಟಬೇಕೋ ಅಲ್ಲೇ ತಟ್ಟಿದ್ದೀರಿ. ಇಡೀ ಆಟದಲ್ಲಿ ಒಂದೇ ಒಂದು ಬಡಿತವೂ ತಪ್ಪಿಲ್ಲ' ಎಂದು ಬರೆದಿತ್ತು.

ಕಂಡಕ್ಟರು ಸೀಟಿ ಊದಿದ. ಬಸ್ಸು ಗುರ್ ಎಂದಿತು. ಸಂಹಿತಾ ಫೋನನ್ನು ಜೋಪಾನವಾಗಿ ಅವನ ಅಂಗೈ ಮೇಲಿಟ್ಟಳು.

"ಆಟದಲ್ಲಿ ಒಂದೂ ತಪ್ಪಿಲ್ಲವಂತೆ. ಗುರುವಾರ ಮನೇಲಿ ಇದ್ದದ್ದೇ ಒಂದು, ಅದನ್ನ ತಪ್ಪಿಸಿದ್ರಲ್ರೀ."